ಕಾಫಿ ತೋಟ ಕಾಡಲ್ಲ ಎಂಬ ಆ ಸಾಲನ್ನು ಕನ್ನಡದಲ್ಲಿ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯವೊಂದರಲ್ಲಿ ಯುರೋಪ್ ಅಧ್ಯಯನ ಕೇಂದ್ರ ಇದೆ ಎಂದರೆ ಬಹಳ ಮಂದಿಯ ಕಣ್ಣ ಮುಂದೆ ಬರುವುದು ಫ್ರೆಂಚ್ ತರಗತಿ, ಆರು ತಿಂಗಳ ವಿನಿಮಯ ವ್ಯಾಸಂಗ, ರಾಯಭಾರ ಕಚೇರಿಯವರು ಬಂದು ದೀಪ ಬೆಳಗಿಸುವ ವಿಚಾರ ಸಂಕಿರಣ. ಇವೆಲ್ಲ ಇರಲಿ, ಬೇಕು ಕೂಡ. ಆದರೆ ಆ ಕೇಂದ್ರದ ಅಸಲು ಕಸುಬು ಓದುವುದು. ಬ್ರಸೆಲ್ಸ್‌ನಲ್ಲಿ ಬರೆದ ಕಾನೂನನ್ನು, ಲಕ್ಸೆಂಬರ್ಗ್‌ನಲ್ಲಿ ಬಂದ ತೀರ್ಪನ್ನು, ಬಾಸೆಲ್ ಅಥವಾ ಲಿಸ್ಬನ್‌ನ ದಫ್ತರದಲ್ಲಿರುವ ಹಳೆಯ ಕಾಗದವನ್ನು ಮೂಲದಲ್ಲೇ ಹಿಡಿದು, ಪದ ಬಿಡದೆ ಓದುವುದು. ಓದಿದ್ದು ಯಾರ ಬದುಕಿಗೆ ತಟ್ಟುತ್ತದೋ ಅವರ ಭಾಷೆಯಲ್ಲಿ ತಿಳಿಸುವುದು. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಇಂಥ ಕೇಂದ್ರವಿದೆ. ನಮ್ಮ ಉಡುಪಿ ಜಿಲ್ಲೆಯ ಮಣಿಪಾಲದಲ್ಲೂ ಇದೆ. ಓದುವ ಅರ್ಧ ಕೆಲಸ ಇಂಗ್ಲಿಷಿನಲ್ಲಿ ನಡೆದು ಪ್ರಬಂಧಗಳಾಗುತ್ತದೆ. ತಿಳಿಸುವ ಅರ್ಧ ಕನ್ನಡಕ್ಕೆ ಬರುವುದು ತೀರಾ ಅಪರೂಪ. ನಾವು ಈ ಪತ್ರ ಬರೆಯುತ್ತಿರುವುದು ಆ ಇನ್ನರ್ಧಕ್ಕಾಗಿ.

ಒಂದು ಕಾನೂನನ್ನು ಬಿಡಿಸಿಯೇ ತೋರಿಸುತ್ತೇವೆ. ಕಾಡು ಕಡಿದು ಬೆಳೆದ ಸರಕು ತನ್ನ ಮಾರುಕಟ್ಟೆಗೆ ಬರಕೂಡದು ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮಾವಳಿಯೊಂದನ್ನು ಮಾಡಿತು. ಅದರ ಸಂಖ್ಯೆ 2023/1115. ದನ, ಕೋಕೊ, ಕಾಫಿ, ತಾಳೆ, ರಬ್ಬರ್, ಸೋಯಾ, ಮರ, ಈ ಏಳು ಸರಕುಗಳಿಗೂ ಅವುಗಳಿಂದಾದ ಹಲವು ಪದಾರ್ಥಗಳಿಗೂ ಅದು ಅನ್ವಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದಾದರೆ ಒಳಗೆ ಬಿಡುವುದಿಲ್ಲ. ದೇಶದ ಕಾಫಿಯಲ್ಲಿ ಶೇ 70ರಷ್ಟು ಕರ್ನಾಟಕದ್ದು. ಅದನ್ನು ಕೊಳ್ಳುವವರಲ್ಲಿ ಇಟಲಿ, ಜರ್ಮನಿ ಮುಂಚೂಣಿಯಲ್ಲಿವೆ. ಹೀಗಾಗಿ ಬ್ರಸೆಲ್ಸ್‌ನ ಒಂದು ವಾಕ್ಯ ಸೋಮವಾರಪೇಟೆಯ ಎರಡು ಎಕರೆ ರೊಬಸ್ಟಾ ತೋಟದವರೆಗೂ ಬರುತ್ತದೆ.

ಈ ಕಾನೂನಿನ ಸುದ್ದಿ ಕಾಫಿ ಸೀಮೆಗೆ ಬಂದಾಗ ಸಹಜವಾಗಿ ಏಳುವ ಭಯ ಒಂದೇ. ನಮ್ಮಲ್ಲಿ ಕಾಫಿ ಬೆಳೆಯುವುದು ನೆರಳಿನಡಿ. ಅತ್ತಿ, ಬಸರಿ, ಹಾಲುವಾಣ, ಸಿಲ್ವರ್ ಓಕ್ ಎತ್ತರಕ್ಕೆ ನಿಂತಿರುತ್ತವೆ, ಮೈಮೇಲೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಉಪಗ್ರಹದ ಚಿತ್ರದಲ್ಲಿ ತೋಟಕ್ಕೂ ಪಕ್ಕದ ಕಾಡಿಗೂ ವ್ಯತ್ಯಾಸ ಕಾಣುವುದು ಕಷ್ಟ. ಹಾಗಾದರೆ ನೆರಳು ಕಪಾತು ಮಾಡಿದರೆ, ಒಂದು ಮರ ತೆಗೆದರೆ ಅದು ಕಾಡು ಕಡಿದ ಲೆಕ್ಕವೇ?

ಉತ್ತರ ಕಲಮು 2ರಲ್ಲಿದೆ. ಅಲ್ಲಿ ಕಾಡು ಎಂದರೆ ಏನು ಎಂಬ ವ್ಯಾಖ್ಯೆ ಕೊಟ್ಟಿದ್ದಾರೆ: ಅರ್ಧ ಹೆಕ್ಟೇರಿಗಿಂತ ಹೆಚ್ಚಿನ ನೆಲ, 5 ಮೀಟರ್‌ಗಿಂತ ಎತ್ತರದ ಮರ, ಶೇ 10ಕ್ಕಿಂತ ಹೆಚ್ಚು ಎಲೆಚಪ್ಪರ. ಇಷ್ಟನ್ನೇ ಓದಿ ನಿಲ್ಲಿಸಿದವರಿಗೆ ಕೊಡಗಿನ ಮುಕ್ಕಾಲು ತೋಟ ಕಾಡಾಗಿಯೇ ಕಾಣುತ್ತದೆ. ಆದರೆ ಅದೇ ವಾಕ್ಯದ ಬಾಲದಲ್ಲಿ ಪ್ರಧಾನವಾಗಿ ಕೃಷಿಗೆ ಬಳಸುವ ನೆಲವನ್ನು ಬಿಟ್ಟು ಎಂದಿದೆ. ಇನ್ನೆರಡು ಉಪಕಲಮು ಕೆಳಗಿಳಿದರೆ ಕೃಷಿ ತೋಟದ ವ್ಯಾಖ್ಯೆ ಸಿಗುತ್ತದೆ. ಹಣ್ಣಿನ ತೋಟ, ತಾಳೆ ತೋಟ, ಆಲಿವ್ ತೋಪುಗಳ ಜೊತೆಗೆ ಮರಗಳ ಹೊದಿಕೆಯಡಿ ಬೆಳೆ ತೆಗೆಯುವ ಪದ್ಧತಿಯನ್ನೂ ಅಲ್ಲಿ ಸೇರಿಸಿದ್ದಾರೆ. ಮರದ ದಿಮ್ಮಿಯೊಂದನ್ನು ಬಿಟ್ಟು ಉಳಿದ ಆರು ಸರಕುಗಳ ತೋಟಗಳೆಲ್ಲ ಅದರೊಳಗೆ ಬರುತ್ತವೆ ಎಂದು ಹೇಳಿ, ಇಂಥ ತೋಟ ಕಾಡಿನ ವ್ಯಾಖ್ಯೆಗೆ ಹೊರಗು ಎಂದು ಮುಗಿಸಿದ್ದಾರೆ. ನಮ್ಮ ನೆರಳು ತೋಟಕ್ಕೆ ಇದಕ್ಕಿಂತ ಸ್ಪಷ್ಟವಾದ ವಾಕ್ಯ ಬೇಕಿಲ್ಲ. 2020ಕ್ಕೂ ಮೊದಲಿನಿಂದ ತೋಟವಾಗಿದ್ದ ನೆಲದಲ್ಲಿ ಹಳೆಯ ಗಿಡ ಕಿತ್ತು ಹೊಸದು ನೆಟ್ಟರೆ ಅದು ಅರಣ್ಯನಾಶ ಆಗುವುದಿಲ್ಲ. ಮೊದಲ ವಾಕ್ಯಕ್ಕೂ ಎರಡನೆಯದಕ್ಕೂ ನಡುವೆ ಇರುವುದು ಕೆಲವೇ ಸಾಲು. ಆ ಕೆಲವು ಸಾಲನ್ನು ಓದಿ ಕನ್ನಡದಲ್ಲಿ ಹೇಳಿಬಿಟ್ಟರೆ ಒಂದು ಜಿಲ್ಲೆಯ ಭಯ ಇಳಿಯುತ್ತದೆ. ಯುರೋಪ್ ಅಧ್ಯಯನ ಎಂದರೆ ನಮ್ಮ ಮಟ್ಟಿಗೆ ಇದು.

ಭಯ ಇಳಿಯಿತೆಂದು ಅಲ್ಲಿಗೇ ಬಿಡುವಂತೆಯೂ ಇಲ್ಲ. ಕಾಡು ಕಡಿದಿಲ್ಲ ಎಂಬುದು ಒಂದು ಷರತ್ತು ಮಾತ್ರ. ಬೆಳೆದ ದೇಶದ ಕಾನೂನಿಗೆ ಅನುಗುಣವಾಗಿ ಬೆಳೆದಿರಬೇಕು ಎಂಬುದು ಎರಡನೆಯದು. ಈ ಎರಡನೆಯದರಲ್ಲಿ ಭೂಮಿಯ ಹಕ್ಕು, ಅರಣ್ಯ ನಿಯಮ, ಕಾರ್ಮಿಕರ ಹಕ್ಕು, ತೆರಿಗೆ ಎಲ್ಲ ಬರುತ್ತವೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ, ಬಾಣೆ ಜಮೀನಿನ ಪಹಣಿಯಲ್ಲಿ ಮನೆತನದ ಮುಖ್ಯಸ್ಥರಾದ ಪಟ್ಟೇದಾರರ ಹೆಸರಿದ್ದು, ತೋಟ ನೋಡಿಕೊಳ್ಳುವವರು ಒಕ್ಕದ, ಅಂದರೆ ಅದೇ ಮನೆತನದ, ಇನ್ನೊಂದು ಕವಲಿನವರಾಗಿರುವುದು ಅಪರೂಪವೇನಲ್ಲ. ಹ್ಯಾಂಬರ್ಗ್‌ನ ಆಮದುದಾರ ಭೂಮಿಯ ಹಕ್ಕಿನ ದಾಖಲೆ ಕೇಳಿದರೆ ಯಾವ ಕಾಗದ ತೋರಿಸಬೇಕು? ಇದಕ್ಕೆ ಉತ್ತರ ಹೇಳಬೇಕಾದರೆ ಯುರೋಪಿನ ಕಲಮನ್ನೂ ಕರ್ನಾಟಕದ ಭೂಕಂದಾಯ ಕಾಯ್ದೆಯನ್ನೂ ಒಂದೇ ಮೇಜಿನ ಮೇಲೆ ಬಿಡಿಸಿಟ್ಟು ಓದುವವರು ಬೇಕು. ಬ್ರಸೆಲ್ಸ್‌ನಲ್ಲಿ ಕೂತವರಿಗೆ ಪಟ್ಟೇದಾರ ಎಂದರೆ ಗೊತ್ತಾಗುವುದಿಲ್ಲ, ಕಂದಾಯ ಕಚೇರಿಯಲ್ಲಿ ಕೂತವರಿಗೆ ಕಲಮು 2ರ ಗೊಡವೆ ಇಲ್ಲ. ನಡುವಿನ ಜಾಗ ವಿಶ್ವವಿದ್ಯಾಲಯದ್ದು.

ಹೊರೆ ಯಾರ ಮೇಲೆ ಎಂಬುದರಲ್ಲೂ ಗೊಂದಲವಿದೆ. ಕಾನೂನು ನೇರವಾಗಿ ಹಿಡಿಯುವುದು ಯುರೋಪಿನ ಮಾರುಕಟ್ಟೆಗೆ ಸರಕು ಇಳಿಸುವವರನ್ನು. ದಂಡ ಅವರಿಗೆ, ಸದಸ್ಯ ದೇಶಗಳು ನಿಗದಿ ಮಾಡುವ ಗರಿಷ್ಠ ದಂಡ ಒಕ್ಕೂಟದೊಳಗಿನ ಅವರ ವಾರ್ಷಿಕ ವಹಿವಾಟಿನ ಶೇ 4ಕ್ಕಿಂತ ಕಡಿಮೆ ಇರಬಾರದು ಎಂದಿದೆ. ಆಮದುದಾರ ರಫ್ತುದಾರನನ್ನು ಕೇಳುತ್ತಾನೆ, ರಫ್ತುದಾರ ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನವರನ್ನು, ಅವರು ಚೆರ್ರಿ ತಂದು ಹಾಕಿದ ವ್ಯಾಪಾರಿಯನ್ನು, ವ್ಯಾಪಾರಿ ಬೆಳೆಗಾರರನ್ನು. ಕೊನೆಗೆ ಕಾಗದ ಹುಡುಕಬೇಕಾದವರು ಕಾನೂನು ನೇರವಾಗಿ ಹಿಡಿಯದ ಸಣ್ಣ ಬೆಳೆಗಾರರು. ಇನ್ನೂರು ಮಂದಿಯ ಕಾಫಿ ಒಂದೇ ರಾಶಿಯಲ್ಲಿ ಬೆರೆತರೆ ಇನ್ನೂರೂ ತೋಟಗಳ ಜಾಗ ಹೇಳಬೇಕು. ಮೂಲ ಗೊತ್ತಿಲ್ಲದ ಒಂದೇ ಲೋಡು ಆ ರಾಶಿಗೆ ಬಿದ್ದರೂ ಇಡೀ ರಾಶಿ ಕೈಬಿಟ್ಟಂತೆ.

2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದರು. ಇದನ್ನು ವಿನಾಯಿತಿ ಎಂದು ತಿಳಿದವರು ಬಹಳ. ಸಾಮಾನ್ಯವಾಗಿ ಆಮದುದಾರ ಮೂರು ಹಂತ ದಾಟಬೇಕು: ಮಾಹಿತಿ ಸಂಗ್ರಹ, ಅಪಾಯದ ಅಂದಾಜು, ಅಪಾಯ ತಗ್ಗಿಸುವ ಕ್ರಮ. ಕಡಿಮೆ ಅಪಾಯದ ದೇಶದಿಂದ ಬಂದ ಸರಕಿಗೆ ಕೊನೆಯ ಎರಡು ಹಂತ ಬೇಕಿಲ್ಲ. ಮೊದಲನೆಯದು ಬೇಕೇ ಬೇಕು, ತೋಟದ ಅಕ್ಷಾಂಶ ರೇಖಾಂಶ ಇರುವುದು ಅದರಲ್ಲೇ. ಅಧಿಕಾರಿಗಳು ವರ್ಷಕ್ಕೆ ತಪಾಸಣೆ ಮಾಡಬೇಕಾದ ಆಮದುದಾರರ ಪ್ರಮಾಣ ಶೇ 1ಕ್ಕೆ ಇಳಿಯುತ್ತದೆ. ಸಾಮಾನ್ಯ ದೇಶಗಳಿಗೆ ಅದು ಶೇ 3, ಹೆಚ್ಚು ಅಪಾಯದವಕ್ಕೆ ಶೇ 9. ಲಾಭ ಇರುವುದು ನಿಜ, ಆದರೆ ಅದು ಕಾಗದದಿಂದ ಬಿಡುಗಡೆಯಲ್ಲ.

ಅಕ್ಷಾಂಶ ರೇಖಾಂಶದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕೆಲಸ ಕೆಡುವುದು ಇಲ್ಲೇ. 4 ಹೆಕ್ಟೇರ್‌ವರೆಗಿನ, ಅಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆಯ ತುಂಡಿಗೆ ಒಂದೇ ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿ ಎಳೆಯಬೇಕು. ದಶಾಂಶ ಬಿಂದುವಿನ ನಂತರ ಕನಿಷ್ಠ ಆರು ಅಂಕಿ ಇರಬೇಕು. ಆರನೆಯ ಅಂಕಿ ಎಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್. ಮೊಬೈಲ್ ಫೋನ್ ಬಯಲಲ್ಲೇ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ದಟ್ಟ ನೆರಳಿನಡಿ ಇನ್ನೂ ಹೆಚ್ಚು. ಆದ್ದರಿಂದ ಬಿಂದುವನ್ನು ತೋಟದ ಅಂಚಿನಲ್ಲಿ ಹಿಡಿಯದೆ ಮಧ್ಯದ ಕಣದಲ್ಲೋ ಬೆಳಕಿನ ತೆರಪಿನಲ್ಲೋ ಹಿಡಿಯುವುದು ಒಳ್ಳೆಯದು. ಅಂಚಿನಲ್ಲಿ ಹಿಡಿದರೆ ಬಿಂದು ಪಕ್ಕದ ಮೀಸಲು ಅರಣ್ಯದೊಳಗೆ ಬೀಳಬಹುದು. ಎಕ್ಸೆಲ್ ಹಾಳೆಗೆ ತುಂಬುವಾಗ 12.424400 ಎಂದು ಬರೆದರೆ ಅದು ಕೊನೆಯ ಎರಡು ಸೊನ್ನೆ ತಿಂದು 12.4244 ಎಂದು ಇಟ್ಟುಕೊಳ್ಳುತ್ತದೆ. ಆರು ಅಂಕಿ ನಾಲ್ಕಾಯಿತು. ಆ ಕಾಲಮನ್ನು ಮೊದಲೇ ಅಕ್ಷರ ರೂಪಕ್ಕೆ ಬದಲಿಸಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ತಪ್ಪು ಅಂಕಿಗಳ ಅನುಕ್ರಮದ್ದು. ನಾವು ಬಾಯಲ್ಲಿ ಹೇಳುವುದು ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಯುರೋಪಿನ ಮಾಹಿತಿ ವ್ಯವಸ್ಥೆ ತೆಗೆದುಕೊಳ್ಳುವ ಜಿಯೋಜೇಸನ್ ಎಂಬ ನಕ್ಷೆಯ ಮಾಹಿತಿ ಕಡತದಲ್ಲಿ ರೇಖಾಂಶ ಮೊದಲು. ಮಡಿಕೇರಿ ಇರುವುದು ಸುಮಾರು 12.4 ಉತ್ತರ, 75.7 ಪೂರ್ವದಲ್ಲಿ. ಅದಲು ಬದಲಾದರೆ 75.7 ಉತ್ತರ, 12.4 ಪೂರ್ವ: ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ನೈಋತ್ಯಕ್ಕೆ, ಹಿಮಸಾಗರದ ನಡುನೀರು. ಅಲ್ಲಿ ಕಾಫಿ ಬೆಳೆದಿದೆ ಎಂದು ಘೋಷಿಸಿದಂತಾಗುತ್ತದೆ. ಗಡಿ ಎಳೆದಾಗ ಮೊದಲ ಬಿಂದುವನ್ನೇ ಕೊನೆಗೂ ಬರೆದು ಮುಚ್ಚಬೇಕು, ಇಲ್ಲದಿದ್ದರೆ ಆ ಆಕೃತಿ ಆಕೃತಿಯೇ ಅಲ್ಲ.

ಇನ್ನು ದಿನಾಂಕ. ಇದರಲ್ಲಿ ಕನ್ನಡದ ಒಂದು ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಾನೂನು ಜಾರಿಗೆ ಬಂತು ಎನ್ನುತ್ತೇವೆ. ಯುರೋಪಿನ ಕಾನೂನಿನಲ್ಲಿ ಊರ್ಜಿತವಾಗುವ ದಿನ ಬೇರೆ, ಅನ್ವಯವಾಗುವ ದಿನ ಬೇರೆ. ಒಕ್ಕೂಟದ ಗೆಜೆಟ್ ಆದ ಅಧಿಕೃತ ಪತ್ರದಲ್ಲಿ ಅಚ್ಚಾಗಿ ಸಾಮಾನ್ಯವಾಗಿ ಇಪ್ಪತ್ತನೆಯ ದಿನಕ್ಕೆ ಅದು ಊರ್ಜಿತ. ಜನ ಪಾಲಿಸಬೇಕಾದದ್ದು ಅನ್ವಯದ ದಿನದಿಂದ. 2023/1115 ಊರ್ಜಿತವಾದದ್ದು 2023ರ ಜೂನ್ 29ರಂದು. ಅನ್ವಯ ಮೊದಲು 2024ರ ಡಿಸೆಂಬರ್ 30 ಎಂದಿತ್ತು. ಅದು ಒಂದು ವರ್ಷ ಮುಂದೆ ಹೋಯಿತು, ಮತ್ತೊಂದು ವರ್ಷ ಮುಂದೆ ಹೋಗಿ ಈಗ ದೊಡ್ಡ ಮತ್ತು ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30 ಎಂದಾಗಿದೆ. ಜಾರಿ ಎಂಬ ಒಂದೇ ಪದದಲ್ಲಿ ಇಷ್ಟನ್ನೂ ಹೇಳಹೋದರೆ ಓದುಗರಿಗೆ ಕಾನೂನು ಮೂರು ಸಲ ಜಾರಿಯಾಗಿ ಎರಡು ಸಲ ರದ್ದಾದಂತೆ ಕಾಣುತ್ತದೆ. ಬೆಂಗಳೂರಿನ ಐಟಿ ಕಂಪನಿಗಳವರಿಗೆ ಈ ಅಂತರ ಚೆನ್ನಾಗಿ ಗೊತ್ತು: ಒಕ್ಕೂಟದ ದತ್ತಾಂಶ ರಕ್ಷಣೆಯ ನಿಯಮಾವಳಿ (ಜಿಡಿಪಿಆರ್) ಊರ್ಜಿತವಾದದ್ದು 2016ರ ಮೇನಲ್ಲಿ, ಅನ್ವಯವಾದದ್ದು 2018ರ ಮೇ 25ರಿಂದ, ನಡುವಿನ ಎರಡು ವರ್ಷ ತಯಾರಿಗೆ ಕೊಟ್ಟ ಸಮಯ.

ಸರಿಯಾದ ಪಠ್ಯ ಹಿಡಿಯುವುದೇ ಒಂದು ವಿದ್ಯೆ. ಒಕ್ಕೂಟದ ಕಾನೂನೆಲ್ಲ ಯೂರ್-ಲೆಕ್ಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪ್ರತಿಯೊಂದಕ್ಕೂ ಸೆಲೆಕ್ಸ್ ಸಂಖ್ಯೆ ಇರುತ್ತದೆ. 3, 2023, ಆರ್, 1115 ಎಂದು ಒಟ್ಟಿಗೆ ಬರೆದಿದ್ದರೆ, 3 ಎಂದರೆ ಶಾಸನ, 2023 ವರ್ಷ, ಆರ್ ಎಂದರೆ ನಿಯಮಾವಳಿ, 1115 ಕ್ರಮಾಂಕ. ಆರ್ ಬದಲು ಎಲ್ ಇದ್ದರೆ ಅದು ನಿರ್ದೇಶನ, ಡಿ ಇದ್ದರೆ ತೀರ್ಮಾನ. 6ರಿಂದ ಶುರುವಾದರೆ ನ್ಯಾಯಾಲಯದ್ದು. 0ಯಿಂದ ಶುರುವಾಗಿ ಕೊನೆಯಲ್ಲಿ ತಾರೀಖು ಇದ್ದರೆ ತಿದ್ದುಪಡಿಗಳನ್ನು ಸೇರಿಸಿದ ಕ್ರೋಡೀಕೃತ ಪಠ್ಯ. ಓದಲು ಅನುಕೂಲ ಈ ಕೊನೆಯದು. ಆದರೆ ಕಾನೂನಿನ ಬಲ ಅದಕ್ಕಿಲ್ಲ, ವಿವಾದವಾದರೆ ಅಧಿಕೃತ ಪತ್ರದಲ್ಲಿ ಅಚ್ಚಾದ ಮೂಲಕ್ಕೂ ತಿದ್ದುಪಡಿಗೂ ಹೋಗಬೇಕು. ಯಾರೋ ಎರಡು ವರ್ಷದ ಹಿಂದೆ ಇಳಿಸಿಟ್ಟ ಪಿಡಿಎಫ್ ಹಿಡಿದು ಸಲಹೆ ಕೊಡುವುದು ಎಲ್ಲಕ್ಕಿಂತ ಅಪಾಯ. ಅನುಬಂಧವನ್ನೂ ಬಿಡಬಾರದು. 2023ರಲ್ಲಿ ಪ್ರಕಟವಾದ ಮೊದಲನೆಯ ಅನುಬಂಧದಲ್ಲಿ ಕಾಫಿ ಎಂದು ಇದ್ದದ್ದು ಸುಂಕದ ಶೀರ್ಷಿಕೆ 0901: ಹಸಿರು ಬೀಜ, ಹುರಿದ ಬೀಜ, ಸಿಪ್ಪೆ ಇತ್ಯಾದಿ. ಇನ್‌ಸ್ಟಂಟ್ ಕಾಫಿ ಪುಡಿ ಬರುವ 2101 ಅದರಲ್ಲಿ ಇರಲಿಲ್ಲ. ಕಾಫಿ ಎಂಬ ಒಂದು ಪದ ನೋಡಿ ಎಲ್ಲ ಕಾಫಿಯೂ ಎಂದುಕೊಂಡರೆ ತಪ್ಪಾಗುತ್ತದೆ.

ನಿಯಮಾವಳಿ, ನಿರ್ದೇಶನ ಎರಡನ್ನೂ ನಾವು ನಿಯಮ ಎಂದೇ ಬರೆದುಬಿಡುತ್ತೇವೆ. ನಿಯಮಾವಳಿ 27 ದೇಶಗಳಲ್ಲೂ ಇದ್ದ ಹಾಗೆಯೇ ನೇರ ಅನ್ವಯ. ನಿರ್ದೇಶನವನ್ನು ಪ್ರತಿ ದೇಶವೂ ತನ್ನ ಕಾನೂನಾಗಿ ಬರೆದುಕೊಳ್ಳಬೇಕು. ಜರ್ಮನಿಯಲ್ಲಿ ಒಂದು ರೀತಿ, ಇಟಲಿಯಲ್ಲಿ ಇನ್ನೊಂದು ರೀತಿ ಬರಬಹುದು. ತಿರುಪೂರಿನಿಂದಲೋ ಬೆಂಗಳೂರಿನಿಂದಲೋ ಸಿದ್ಧ ಉಡುಪು ಕಳಿಸುವವರಿಗೆ ಈ ವ್ಯತ್ಯಾಸ ಗೊತ್ತಿರದಿದ್ದರೆ ಯಾವ ದೇಶದ ಪಠ್ಯ ನೋಡಬೇಕೆಂದೇ ತಿಳಿಯುವುದಿಲ್ಲ. ತೋರಣಗಲ್ಲಿನ ಉಕ್ಕಿಗೆ ತಟ್ಟುವ ಇಂಗಾಲದ ಗಡಿಸುಂಕವೂ ನಿಯಮಾವಳಿಯೇ, 2023/956. ಅದರ ಪೂರ್ಣ ಅನ್ವಯ 2026ರ ಜನವರಿ 1ರಿಂದ ಶುರುವಾಗಿದೆ.

ಭಾಷೆ ಕಲಿಸುವುದು ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳು. ಇಂಗ್ಲಿಷ್ ಮೂಲ, ಉಳಿದವು ಅನುವಾದ ಎಂಬ ಲೆಕ್ಕವಿಲ್ಲ. ಇಪ್ಪತ್ನಾಲ್ಕೂ ಸಮಾನ ಪ್ರಮಾಣ. ಒಂದು ಹಳೆಯ ಮೊಕದ್ದಮೆ ಇದನ್ನು ಚೆನ್ನಾಗಿ ತೋರಿಸುತ್ತದೆ. 1969ರಲ್ಲಿ ಸದಸ್ಯ ದೇಶಗಳಲ್ಲಿ ಬೆಣ್ಣೆಯ ದಾಸ್ತಾನು ಮಿಕ್ಕಿಹೋಗಿತ್ತು. ಸರ್ಕಾರದ ನೆರವಿನಲ್ಲಿ ಬದುಕುವವರಿಗೆ ಕಡಿಮೆ ಬೆಲೆಗೆ ಬೆಣ್ಣೆ ಕೊಡಲು ತೀರ್ಮಾನವಾಯಿತು. ಜರ್ಮನ್ ಪಠ್ಯದ ಪ್ರಕಾರ ಕೂಪನ್ನಿನ ಮೇಲೆ ಪಡೆಯುವವರ ಹೆಸರಿರಬೇಕು. ಫ್ರೆಂಚ್ ಪಠ್ಯ ಕೇಳಿದ್ದು ವ್ಯಕ್ತಿಗೆ ಸೀಮಿತವಾದ ಕೂಪನ್ ಅಷ್ಟೇ. ಹೆಸರಿನ ಬದಲು ಸಂಖ್ಯೆ ಇದ್ದರೂ ನಡೆಯುತ್ತಿತ್ತು. ಉಲ್ಮ್ ನಗರದ ಒಬ್ಬರು, ಬೆಣ್ಣೆ ಕೊಳ್ಳಲು ಅಂಗಡಿಯವನ ಮುಂದೆ ನನ್ನ ಬಡತನವನ್ನು ಹೆಸರು ಸಮೇತ ಏಕೆ ಹೇಳಿಕೊಳ್ಳಬೇಕು ಎಂದು ನ್ಯಾಯಾಲಯಕ್ಕೆ ಹೋದರು. ಒಂದೇ ಭಾಷೆಯ ಪಠ್ಯ ಹಿಡಿದು ನಿರ್ಧರಿಸಲಾಗದು, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಉದ್ದೇಶ ಈಡೇರುವಂತಿದ್ದರೆ ಕಡಿಮೆ ಹೊರೆಯ ಅರ್ಥವನ್ನೇ ಹಿಡಿಯಬೇಕು ಎಂದು ಆ ವರ್ಷದ ನವೆಂಬರ್ 12ರಂದು ಲಕ್ಸೆಂಬರ್ಗ್‌ನ ನ್ಯಾಯಾಲಯ ಹೇಳಿತು. ಪ್ರಕರಣದ ಸಂಖ್ಯೆ 29/69. ವ್ಯಕ್ತಿಯ ಮೂಲಭೂತ ಹಕ್ಕುಗಳು ಒಕ್ಕೂಟದ ಕಾನೂನಿನಲ್ಲೇ ಅಡಗಿವೆ ಎಂಬ ಮಾತು ಆ ನ್ಯಾಯಾಲಯದಿಂದ ಬಂದದ್ದೂ ಈ ಬೆಣ್ಣೆಯ ಮೊಕದ್ದಮೆಯಲ್ಲೇ.

ನಮ್ಮ ಕೇಂದ್ರಗಳಲ್ಲಿ ಜರ್ಮನ್, ಫ್ರೆಂಚ್ ಕಲಿಕೆ ಎ1, ಎ2 ಎಂಬ ಆರಂಭಿಕ ಹಂತದ ಪ್ರಮಾಣಪತ್ರಕ್ಕೆ ನಿಂತುಹೋಗುವುದು ಇದಕ್ಕೇ ನಷ್ಟ. ಹೋಟೆಲಿನಲ್ಲಿ ಕಾಫಿ ಕೇಳುವಷ್ಟು ಬರುತ್ತದೆ, ಕಾಫಿಯ ಕಾನೂನು ಓದುವಷ್ಟು ಬರುವುದಿಲ್ಲ. ಮಾತಾಡಲು ಬಾರದಿದ್ದರೂ ಪರವಾಗಿಲ್ಲ, ನಿಘಂಟು ಪಕ್ಕಕ್ಕಿಟ್ಟುಕೊಂಡು ಕಲಮಿನ ಭಾಷೆ ಓದುವುದನ್ನಷ್ಟೇ ಕಲಿಸುವ ಪಾಠಕ್ರಮ ಬೇಕು. ಅದೇ ಕಲಮಿನ ಇಂಗ್ಲಿಷ್ ಮತ್ತು ಜರ್ಮನ್ ಪಠ್ಯವನ್ನು ಯೂರ್-ಲೆಕ್ಸ್‌ನಲ್ಲಿ ಎರಡು ಕಾಲಮಿನಲ್ಲಿ ಎದುರುಬದುರು ತೆರೆಯಬಹುದು. ವಾರಕ್ಕೆ ಒಂದು ಕಲಮಿನಂತೆ ಹೀಗೆ ಓದಿಸಿದರೆ ವ್ಯಾಕರಣವೂ ಕಾನೂನೂ ಒಟ್ಟಿಗೆ ಬರುತ್ತವೆ.

ಈಗ ಪತ್ರಿಕೆಗಳಿಗೆ ಸಂಬಂಧಿಸಿದ ಮಾತು. ಯುರೋಪ್ ಮಂಡಳಿ ಎಂಬ ಒಂದು ಪದ ಕನ್ನಡದಲ್ಲಿ ಮೂರು ಬೇರೆ ಬೇರೆ ಸಂಸ್ಥೆಗಳಿಗೆ ಬಳಕೆಯಾಗುತ್ತಿದೆ. ಒಂದು, 27 ದೇಶಗಳ ಪ್ರಧಾನಿಗಳು ಅಥವಾ ರಾಷ್ಟ್ರಾಧ್ಯಕ್ಷರು ಕೂರುವ ಸಭೆ. ಅದು ದಿಕ್ಕು ತೋರಿಸುತ್ತದೆ, ಕಾನೂನು ಮಾಡುವುದಿಲ್ಲ. ಎರಡು, ವಿಷಯಕ್ಕೆ ತಕ್ಕಂತೆ ಕೃಷಿ ಸಚಿವರೋ ಹಣಕಾಸು ಸಚಿವರೋ ಸೇರಿ, 720 ಸದಸ್ಯರ ಸಂಸತ್ತಿನ ಜೊತೆ ಕಾನೂನು ಪಾಸು ಮಾಡುವ ಮಂಡಳಿ; ಅಲ್ಲಿ ಬಹುಪಾಲು ವಿಷಯಗಳಿಗೆ ಕನಿಷ್ಠ 15 ದೇಶಗಳೂ ಒಕ್ಕೂಟದ ಜನಸಂಖ್ಯೆಯ ಶೇ 65ರಷ್ಟೂ ಪರವಾಗಿರಬೇಕು. ಮೂರನೆಯದಕ್ಕೂ ಒಕ್ಕೂಟಕ್ಕೂ ಸಂಬಂಧವೇ ಇಲ್ಲ. 1949ರಲ್ಲಿ ಹುಟ್ಟಿದ, ಸ್ಟ್ರಾಸ್‌ಬೋರ್ಗ್‌ನಲ್ಲಿರುವ, 46 ಸದಸ್ಯ ದೇಶಗಳ ಬೇರೆಯೇ ಸಂಸ್ಥೆ ಅದು. ಮಾನವ ಹಕ್ಕುಗಳ ನ್ಯಾಯಾಲಯ ಅದರದು. ಒಕ್ಕೂಟದ ನ್ಯಾಯಾಲಯ ಇರುವುದು ಲಕ್ಸೆಂಬರ್ಗ್‌ನಲ್ಲಿ. 2022ರ ಮಾರ್ಚ್‌ನಲ್ಲಿ ರಷ್ಯಾವನ್ನು ಹೊರಹಾಕಿದ್ದು ಈ ಮೂರನೆಯ ಸಂಸ್ಥೆ. ಒಕ್ಕೂಟದಲ್ಲಿ ರಷ್ಯಾ ಎಂದೂ ಇರಲೇ ಇಲ್ಲ. 2020ರ ಜನವರಿ 31ರಂದು ಒಕ್ಕೂಟ ಬಿಟ್ಟ ಬ್ರಿಟನ್ ಈ ಸಂಸ್ಥೆಯಲ್ಲಿ ಈಗಲೂ ಇದೆ. ಬಾವುಟ ನೋಡಿ ಗುರುತಿಸೋಣ ಎಂದರೆ ಅದೂ ಒಂದೇ: ನೀಲಿಯ ಮೇಲೆ ಹನ್ನೆರಡು ನಕ್ಷತ್ರ. ಆ ಬಾವುಟ ಮೊದಲು ಸ್ಟ್ರಾಸ್‌ಬೋರ್ಗ್‌ನವರದೇ, 1955ರಿಂದ. ಒಕ್ಕೂಟದವರು ಎತ್ತಿಕೊಂಡದ್ದು ಎಂಬತ್ತರ ದಶಕದಲ್ಲಿ. ನಾಯಕರ ಪರಿಷತ್ತು, ಸಚಿವರ ಮಂಡಳಿ, ಸ್ಟ್ರಾಸ್‌ಬೋರ್ಗ್ ಪರಿಷತ್ತು ಎಂದು ಮೂರು ಹೆಸರು ಗಟ್ಟಿ ಮಾಡಿಕೊಂಡರೆ ಗೊಂದಲ ತೀರುತ್ತದೆ. ಬೇರೆ ಒಳ್ಳೆಯ ಪದ ಸಿಕ್ಕರೆ ಅದೇ ಆಗಲಿ, ಮೂರಕ್ಕೂ ಬೇರೆ ಬೇರೆ ಇರಲಿ.

ಕಾನೂನಿನ ಕರಡು ಸಿದ್ಧಪಡಿಸುವ ಯುರೋಪಿಯನ್ ಆಯೋಗ ಪ್ರಸ್ತಾವ ಮಂಡಿಸಿದ ದಿನವೇ ಹೊಸ ಕಾನೂನು ಬಂತು ಎಂದು ಬರೆಯುವುದೂ ಇದೇ ಬಗೆಯ ತಪ್ಪು. ಕಾಡಿನ ಕಾನೂನಿನ ಪ್ರಸ್ತಾವ ಬಂದದ್ದು 2021ರ ನವೆಂಬರ್ 17ಕ್ಕೆ, ಅಚ್ಚಾದದ್ದು 2023ರ ಜೂನ್ 9ಕ್ಕೆ. ನಡುವೆ ಸಂಸತ್ತು, ಸಚಿವರು, ಆಯೋಗ ಮೂವರೂ ಕೂತು ಪದ ಪದಕ್ಕೂ ಜಗ್ಗಾಡಿದ್ದಾರೆ. ವ್ಯಾಪಾರ ಒಪ್ಪಂದಗಳಿಗೂ ಇದೇ ಮಾತು. ಭಾರತದ ಜೊತೆಗಿನ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಹಿಡಿದದ್ದು. ಮಾತುಕತೆ ಮುಗಿಯುವುದು, ಸಹಿ ಬೀಳುವುದು, ಅನುಮೋದನೆ, ಅನ್ವಯ ಇವು ಬೇರೆ ಬೇರೆ ದಿನಗಳು. ಕೆನಡಾದ ಒಪ್ಪಂದ 2016ರ ಅಕ್ಟೋಬರ್‌ನಲ್ಲಿ ಸಹಿಯ ಹೊಸ್ತಿಲಲ್ಲಿದ್ದಾಗ ಬೆಲ್ಜಿಯಂನ ವಲೋನಿಯಾ ಎಂಬ ಒಂದು ಪ್ರಾಂತ್ಯ ಅದನ್ನು ಹಿಡಿದು ನಿಲ್ಲಿಸಿತ್ತು. ಹೂಡಿಕೆದಾರರ ವಿವಾದ ಬಗೆಹರಿಸುವ ಅಧ್ಯಾಯ ಇದ್ದರೆ ಸದಸ್ಯ ದೇಶಗಳ ಒಪ್ಪಿಗೆ ಬೇಕು ಎಂದು ನ್ಯಾಯಾಲಯ 2017ರ ಮೇ 16ರಂದು ಸಿಂಗಪುರದ ಒಪ್ಪಂದದ ಬಗ್ಗೆ ಅಭಿಪ್ರಾಯ ಕೊಟ್ಟಿತು. ಅಂದಿನಿಂದ ಹೂಡಿಕೆಯನ್ನು ಪ್ರತ್ಯೇಕ ಒಪ್ಪಂದ ಮಾಡುವ ರೂಢಿ ಬಂದಿದೆ.

ಯುರೋಪ್ ಅಧ್ಯಯನ ಎಂದರೆ ಒಕ್ಕೂಟದ ಅಧ್ಯಯನ ಮಾತ್ರ ಅಲ್ಲ ಎಂದೂ ಹೇಳಬೇಕು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನ ಊರು ಬಾಸೆಲ್ ಇರುವುದು ಸ್ವಿಟ್ಜರ್‌ಲೆಂಡ್‌ನಲ್ಲಿ, ಅದು ಒಕ್ಕೂಟದ ಸದಸ್ಯನೇ ಅಲ್ಲ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಮಡಿಕೇರಿಗಳಿಂದ ಪಾದ್ರಿಗಳು ಬರೆದ ವರದಿಗಳು ಬಾಸೆಲ್‌ನ ದಫ್ತರದಲ್ಲಿವೆ. ಅವು ಜರ್ಮನ್ ಭಾಷೆಯವು. ಅಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ, ಆದರೆ ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. ಇಂದಿನ ಜರ್ಮನರಿಗೇ ಅದು ಬಾರದು. ಅದರಲ್ಲಿ ಇ ಅಕ್ಷರ ಎನ್‌ನಂತೆ ಕಾಣುತ್ತದೆ, ಯು ಮೇಲೆ ಒಂದು ಕೊಕ್ಕೆ ಇಡದಿದ್ದರೆ ಅದೂ ಎನ್. ಕಲಿಯುವವರಿಗೆ ಒಂದು ಉಪಾಯ ಇದೆ: ಪರಭಾಷೆಯ ಹೆಸರುಗಳನ್ನು ಸಾಮಾನ್ಯವಾಗಿ ಮಾಮೂಲು ಲ್ಯಾಟಿನ್ ಅಕ್ಷರದಲ್ಲೇ ಬರೆಯುತ್ತಿದ್ದರು. ಆದ್ದರಿಂದ ಪುಟದಲ್ಲಿ ಮೊದಲು ನಮ್ಮ ಊರಿನ ಹೆಸರು ಹುಡುಕಿ, ಅಲ್ಲಿಂದ ಸುತ್ತಲಿನ ಪದಗಳಿಗೆ ಹೋಗಬೇಕು. ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶಕ್ಕೆ ಒಬ್ಬರ ಕೈಬರಹ ಕಲಿಸಬೇಕಾದರೆ ಆ ಕೈಬರಹದ ಕನಿಷ್ಠ 5,000 ಪದಗಳನ್ನು ಮನುಷ್ಯರೇ ತಪ್ಪಿಲ್ಲದೆ ಓದಿ ಕೊಟ್ಟಿರಬೇಕು. ಮಾನವ ಕೆಲಸ ಅಲ್ಲಿಗೆ ಮುಗಿಯುವುದೂ ಇಲ್ಲ, ಹೆಸರುಗಳಲ್ಲಿ ಯಂತ್ರ ಎಡವುತ್ತಲೇ ಇರುತ್ತದೆ. ಬಾಣಾವರವೋ ಬನವಾಸಿಯೋ ಎಂದು ಹೇಳಬಲ್ಲವರು ಕನ್ನಡ ಬಲ್ಲ ವಿದ್ಯಾರ್ಥಿಗಳೇ.

1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, ದಾರಿಯಲ್ಲಿ ದೇವಸ್ಥಾನವೊಂದರ ಜಗುಲಿಯಲ್ಲಿ ನಾಲ್ವರು ಹುಡುಗರು ನೆಲಕ್ಕೆ ಮರಳು ಚೆಲ್ಲಿ, ಬೆರಳಲ್ಲಿ ಬರೆಯುತ್ತ, ರಾಗವಾಗಿ ಲೆಕ್ಕ ಒಪ್ಪಿಸುತ್ತಿದ್ದುದನ್ನು ನೋಡಿ ಬರೆದಿದ್ದಾನೆ. ನೇಪಲ್ಸ್‌ನ ಗೆಳೆಯನಿಗೆ ಇಟಾಲಿಯನ್‌ನಲ್ಲಿ ಬರೆದ ಪತ್ರ ಅದು. 1664ರ ಇಂಗ್ಲಿಷ್ ಅನುವಾದದ ದಾರಿಯಿಂದ ಬಂದದ್ದನ್ನೇ ನಾವು ಹೆಚ್ಚಾಗಿ ಉಲ್ಲೇಖಿಸುತ್ತೇವೆ. ಊರು, ಬಿರುದು, ಜಾತಿಗಳ ಹೆಸರು ಅವನ ಕಿವಿಗೆ ಹೇಗೆ ಕೇಳಿದವು ಎಂದು ತಿಳಿಯಲು ಮೂಲವನ್ನೇ ನೋಡಬೇಕು.

ಇನ್ನು ಇದೆಲ್ಲ ನಡೆಯುವುದು ಹೇಗೆ? ಯುರೋಪಿನ ಬಗ್ಗೆ ಕಲಿಸಲು ಒಕ್ಕೂಟವೇ 1989ರಿಂದ ಜಾನ್ ಮೊನೆ ಯೋಜನೆಯಲ್ಲಿ ಹಣ ಕೊಡುತ್ತಿದೆ, ನಮ್ಮ ವಿಶ್ವವಿದ್ಯಾಲಯಗಳೂ ಅರ್ಜಿ ಹಾಕಬಹುದು. ಮಾಡ್ಯೂಲ್ ಎಂಬುದಕ್ಕೆ ಮೂರು ವರ್ಷ, ವರ್ಷಕ್ಕೆ ಕನಿಷ್ಠ 40 ಗಂಟೆ ಪಾಠ. ಪೀಠಕ್ಕೆ ವರ್ಷಕ್ಕೆ 90 ಗಂಟೆ. ಉತ್ಕೃಷ್ಟತಾ ಕೇಂದ್ರಕ್ಕೆ ಗರಿಷ್ಠ 1,00,000 ಯೂರೊ. ಅರ್ಜಿಗೆ 100ಕ್ಕೆ ಕನಿಷ್ಠ 70 ಅಂಕ ಬರಬೇಕು, ನಾಲ್ಕು ಮಾನದಂಡಗಳಲ್ಲಿ ಪ್ರತಿಯೊಂದರಲ್ಲೂ 25ಕ್ಕೆ 15. ಹಲವು ಅರ್ಜಿಗಳು ಸೋಲುವುದು ಪರಿಣಾಮದ ಮಾನದಂಡದಲ್ಲಿ: ಸಂಕಿರಣ ಮಾಡುತ್ತೇವೆ, ಪುಸ್ತಕ ತರುತ್ತೇವೆ ಎಂದು ಬರೆದು, ಯಾರಿಗೆ ತಲುಪುತ್ತದೆ ಎಂದು ಬರೆಯುವುದಿಲ್ಲ. ಸದಾ ರಾಜ್ಯಶಾಸ್ತ್ರದವರಿಗೇ ಕಲಿಸದೆ ಬೇರೆ ವಿಷಯದವರನ್ನು ತಲುಪಿ ಎಂದು ಯೋಜನೆಯ ಕೈಪಿಡಿಯೇ ಹೇಳುತ್ತದೆ. ಹಾಗಿದ್ದಮೇಲೆ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ 40 ಗಂಟೆಯ ಯುರೋಪ್ ಕಾನೂನು ಪಾಠ ಏಕಿರಬಾರದು? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಆಸುಪಾಸಿನಲ್ಲೇ ಅದನ್ನು ನಡೆಸಬಹುದು. ಮೂರು ವರ್ಷ ಕಳೆದು ಹಣ ನಿಂತ ಕೂಡಲೇ ಪಾಠವೂ ನಿಲ್ಲುವುದು ಈ ಯೋಜನೆಯ ದೊಡ್ಡ ರೋಗ. ಎರಡನೆಯ ವರ್ಷದಲ್ಲೇ ಆ ಪಾಠವನ್ನು ವಿಶ್ವವಿದ್ಯಾಲಯದ ಕ್ರೆಡಿಟ್ ಪಟ್ಟಿಗೆ ಸೇರಿಸಿಕೊಂಡರೆ ಮಾತ್ರ ಅದು ಉಳಿಯುತ್ತದೆ.

ಹಣವೇ ಬೇಡದ ಕೆಲಸವೂ ಇದೆ. ಸ್ನಾತಕೋತ್ತರ ವಿದ್ಯಾರ್ಥಿ ಬರೆಯುವ ಪ್ರತಿ ಕಿರುಪ್ರಬಂಧದ ಜೊತೆ ಎರಡು ಪುಟದ ಕನ್ನಡ ಟಿಪ್ಪಣಿ ಕಡ್ಡಾಯ ಮಾಡಿ. ಅದರಲ್ಲಿ ಕಾನೂನಿನ ಸಂಖ್ಯೆ, ಯಾವ ತಾರೀಖಿನ ಪಠ್ಯ ಓದಿದ್ದು, ಹೊರೆ ಯಾರ ಮೇಲೆ, ಅನ್ವಯ ಎಂದಿನಿಂದ, ನಮ್ಮವರು ಯಾವ ಕಾಗದ ಇಟ್ಟುಕೊಂಡಿರಬೇಕು ಎಂಬುದಿರಲಿ. ಪ್ರತಿ ಮಾತಿನ ಪಕ್ಕದಲ್ಲೂ ಕಲಮಿನ ಸಂಖ್ಯೆ ಇರಲಿ. ಅಂಕ ಕೊಡುವ ಮುನ್ನ ಒಬ್ಬ ಬೆಳೆಗಾರರಿಗೋ ಕ್ಯೂರಿಂಗ್ ವರ್ಕ್ಸ್‌ನ ಗುಮಾಸ್ತರಿಗೋ ಓದಲು ಕೊಟ್ಟು, ಅರ್ಥವಾಗದ ಸಾಲಿಗೆ ಗೆರೆ ಹಾಕಿಸಿ. ಗೆರೆ ಬಿದ್ದ ಸಾಲನ್ನು ಮತ್ತೆ ಬರೆಯಬೇಕು.

ನಿಮ್ಮಲ್ಲಿ ನಮ್ಮ ಕೋರಿಕೆ ಸಣ್ಣದು. ಬ್ರಸೆಲ್ಸ್‌ನ ಯಾವುದೇ ಕಾನೂನಿನ ಸುದ್ದಿ ಹಾಕಿದಾಗ ಕೊನೆಯ ಸಾಲಿನಲ್ಲಿ ಅದರ ಸಂಖ್ಯೆಯನ್ನೂ, ಅದು ಪ್ರಸ್ತಾವವೋ ಅಚ್ಚಾದ ಕಾನೂನೋ ಎಂಬುದನ್ನೂ ಹಾಕಿ. 2023/1115 ಎಂಬಷ್ಟೇ ಸಾಕು. ಸುದ್ದಿ ಓದಿದ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಫೋನಿನಲ್ಲೇ ಆ ಸಂಖ್ಯೆ ಹುಡುಕಿ, ಕಲಮು 2 ತೆಗೆದು, ಆರನೆಯದಾದ ಕೃಷಿ ತೋಟದ ವ್ಯಾಖ್ಯೆ ಓದಿ ಅಪ್ಪ ಅಮ್ಮನಿಗೆ ಹೇಳುತ್ತಾರೆ.

ಇಂತಿ,
ಯುರೋಪ್ ಅಧ್ಯಯನ ವಿಷಯದ ಕೆಲವು ಬೋಧಕರು ಮತ್ತು ಅನುವಾದಕರು